ಬಾಣಂತನಕ್ಕೆ ಒಂದು ಕೈ ಬೇಕು, ನಾಚಿಕೆ ಬೇಡ

ಆಸ್ಪತ್ರೆಯಿಂದ ಮಗು ಬಂದ ದಿನ ಮನೆ ತುಂಬ ಜನ. ಅಖೀಖದ ಮಾತು, ಹೆಸರಿನ ಮಾತು, ಊರಿಂದ ಫೋನಿನ ಮೇಲೆ ಫೋನು. ನಾಲ್ಕನೇ ರಾತ್ರಿಗೆ ಬಂದರೆ ಮನೆಯಲ್ಲಿ ಉಳಿಯುವವರು ಮೂವರೇ: ನಿದ್ದೆಗೆಟ್ಟ ತಾಯಿ, ಅಳು ನಿಲ್ಲಿಸದ ಮಗು, ಬೆಳಿಗ್ಗೆ ಎದ್ದು ಅಂಗಡಿ ಬಾಗಿಲು ತೆಗೆಯಬೇಕಾದ ತಂದೆ. "ಹಾಲು ಸಾಲುತ್ತಿಲ್ಲವೇನೋ" ಎಂಬ ಸಂಶಯ ಹುಟ್ಟುವುದು ಆ ಹೊತ್ತಿನಲ್ಲೇ. ಮರುದಿನ ಮೆಡಿಕಲ್ ಶಾಪಿನಿಂದ ಹಾಲಿನ ಪುಡಿಯ ಡಬ್ಬಿ ಬರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿರುವ ನಮ್ಮ ಮನೆಗಳಿಗೆ ಈ ಕತೆ ಹೊಸದಲ್ಲ.

ಊರಿನಲ್ಲಿ ಹೀಗಿರಲಿಲ್ಲ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಿದ್ದಳು. ಉಮ್ಮ, ಅಜ್ಜಿ, ನೆರೆಮನೆಯ ಹೆಂಗಸರು ಸುತ್ತ ಇರುತ್ತಿದ್ದರು. ಹಂಡೆಯಲ್ಲಿ ಬಿಸಿನೀರು, ಒಲೆಯ ಮೇಲೆ ಮೆಂತೆ ಗಂಜಿ. ನಲವತ್ತು ದಿನ ಎಂಬುದು ನಿಫಾಸಿನ ಲೆಕ್ಕ ಮಾತ್ರ ಆಗಿರಲಿಲ್ಲ, ತಾಯಿಯ ವಿಶ್ರಾಂತಿಯ ಲೆಕ್ಕವೂ ಆಗಿತ್ತು. ಈಗ ಉಮ್ಮನಿಗೇ ಸಕ್ಕರೆ ಕಾಯಿಲೆ, ಮಂಡಿನೋವು. ಇನ್ನು ಕೆಲವರ ತವರು ಗಲ್ಫಿನಲ್ಲಿದೆ. ಸಿಸೇರಿಯನ್ ಆದ ಹುಡುಗಿಯನ್ನು ಎಳೆಗೂಸಿನ ಜೊತೆ ಯಲ್ಲಾಪುರ ದಾಟಿಸಿ, ಅರಬೈಲ್ ಘಾಟಿ ಇಳಿಸಿ ಕರಾವಳಿಗೆ ಕರಕೊಂಡು ಹೋಗುವುದು ಸುಲಭದ ಮಾತಲ್ಲ.

ಹಾಗಾದರೆ ಸಂಬಳ ಕೊಟ್ಟು ಬಾಣಂತನಕ್ಕೆ ಒಬ್ಬಾಕೆಯನ್ನು ಇಟ್ಟುಕೊಳ್ಳಬಹುದಲ್ಲ? ಇಲ್ಲಿಗೆ ಬಂದರೆ ಮಾತು ನಿಂತುಹೋಗುತ್ತದೆ. "ತಾಯಿಮನೆಯವರು ಇಲ್ಲವಾ ಅಂತ ಜನ ಕೇಳಿಯಾರು", "ನಮ್ಮ ಕಾಲದಲ್ಲಿ ಯಾರಿದ್ದರು?" ತೊಟ್ಟಿಲ ಕಾರ್ಯಕ್ಕೆ ಹಾಲ್ ಬುಕ್ ಮಾಡುವಾಗ ಕೇಳದ ಈ ಪ್ರಶ್ನೆಗಳು ತಾಯಿಯ ಆರೈಕೆಯ ವಿಷಯ ಬಂದಾಗ ಮಾತ್ರ ಏಳುತ್ತವೆ. ಒಂದು ಹೊತ್ತಿನ ಬಿರಿಯಾನಿಯ ಖರ್ಚಿನಲ್ಲಿ ಒಂದು ಪಾಲು ಸಾಕು, ತಾಯಿಗೆ ಕೆಲವು ವಾರಗಳ ನಿದ್ದೆ ಸಿಗುತ್ತದೆ.

ದೊಡ್ಡ ನಗರಗಳಲ್ಲಿ ಇಂತಹ ಸಹಾಯಕಿಯನ್ನು 'ಡೂಲಾ' ಎನ್ನುತ್ತಾರೆ. ಗ್ರೀಕ್ ಮೂಲದ ಈ ಪದವನ್ನು ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್ 1973ರಲ್ಲಿ ಎದೆಹಾಲಿನ ಬಗ್ಗೆ ಬರೆದ ಪುಸ್ತಕದಲ್ಲಿ ಬಳಸಿದರು. ಬಾಣಂತಿಯ ಪಕ್ಕದಲ್ಲಿ ಇದ್ದು, ಹಾಲೂಡಿಸಲು ಧೈರ್ಯ ತುಂಬುವ ಹೆಂಗಸು ಎಂಬ ಅರ್ಥದಲ್ಲಿ. ಹೆಸರು ಹೊಸದು, ಕೆಲಸ ನಮಗೆ ಹೊಸದಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಹೆಮ್ಮೆಪಟ್ಟಿತು. ಅಂತಹ ಕೈಗಳಿಗೆ ನಮ್ಮ ಮನೆಯೊಳಗೂ ಗೌರವ ಸಿಗಬೇಡವೇ?

ಧರ್ಮದ ಕಡೆಯಿಂದಲೂ ಅಳುಕು ಬೇಡ. ಸೂರಃ ಅಲ್ ಬಖರದ 233ನೇ ಆಯತ್ ಹಾಲೂಡಿಸುವ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಇಟ್ಟಿದೆ. ಹಾಲು ಬಿಡಿಸುವ ತೀರ್ಮಾನವೂ ಇಬ್ಬರ ಸಮಾಲೋಚನೆಯಿಂದ ಆಗಬೇಕು ಎನ್ನುತ್ತದೆ. ಹಾಲೂಡಿಸಲು ಬೇರೆ ಹೆಂಗಸನ್ನು ನೇಮಿಸಿದರೆ ನ್ಯಾಯವಾದ ಸಂಬಳ ಕೊಡಬೇಕೆಂದೂ ಅಲ್ಲೇ ಇದೆ. ಹೀಗಿರುವಾಗ ಬಾಣಂತಿಗೆ ನೆರವಾಗುವವಳನ್ನು ಇಟ್ಟುಕೊಳ್ಳುವುದು ಹೇಗೆ ತಪ್ಪಾದೀತು?

ಆದರೆ ಯಾರು ಬಂದರೂ ಸರಿ ಎನ್ನುವ ಹಾಗಿಲ್ಲ. ಹೆರಿಗೆಗೆ ಎರಡು ತಿಂಗಳು ಇರುವಾಗಲೇ ಹುಡುಕಿ. ಆಕೆ ಈ ಹಿಂದೆ ಕೆಲಸ ಮಾಡಿದ ಮನೆಯ ತಾಯಿಯ ಜೊತೆ ಮಾತಾಡಿ, ಬರೀ ಅತ್ತೆಯನ್ನು ಕೇಳಿದರೆ ಸಾಲದು. ಹಗಲಿಗೋ ರಾತ್ರಿಗೋ, ಎಷ್ಟು ಗಂಟೆ, ಎಷ್ಟು ದಿನ, ಏನೇನು ಕೆಲಸ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಅಡುಗೆಯದ್ದೂ ಹೇಳಿ: ಆಕೆ ಈ ಕಡೆಯವಳಾದರೆ ಅಂಟಿನ ಉಂಡೆ, ಆಳ್ವಿ ಪಾಯಸ ಮಾಡುತ್ತಾಳೆ. ನಮ್ಮ ಹುಡುಗಿಗೆ ಮೆಂತೆ ಗಂಜಿ ಬೇಕಾದೀತು. ಎರಡೂ ಇರಲಿ, ಜಗಳ ಬೇಡ.

ಬಂದವಳು ನರ್ಸ್ ಅಲ್ಲ, ಡಾಕ್ಟರೂ ಅಲ್ಲ ಎಂಬುದು ನೆನಪಿರಲಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಬರೀ ಎದೆಹಾಲು, ನಂತರ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಅದಕ್ಕೂ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲು ಎನ್ನುವವಳು ಬೇಡ. ಜೇನುತುಪ್ಪ, ಸಕ್ಕರೆ ನೀರು ಕುಡಿಸುವವಳು, ಮಗುವಿನ ಕಿವಿ-ಮೂಗಿಗೆ ಎಣ್ಣೆ ಬಿಡುವವಳು, ಹೊಕ್ಕುಳಿಗೆ ಬೂದಿ ಹಚ್ಚುವವಳು ಬೇಡವೇ ಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಶೆಗಡಿ ಇಡಬಾರದು, ಆ ಹೊಗೆ ಜೀವಕ್ಕೇ ಅಪಾಯ.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಅಳುವೊಂದೇ ಅಳತೆಯಲ್ಲ. ಮೊದಲ ವಾರ ಕಳೆಯುವ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರತೊಡಗಿದರೆ ಸಾಮಾನ್ಯವಾಗಿ ಸಾಕಷ್ಟು ಸಿಗುತ್ತಿದೆ ಎಂದರ್ಥ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಎಳೆಗೂಸಿನ ಸಹಜ ಗುಣ. ಶಿಶುವಿನ ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶ 1992ರ ಕಾನೂನಿನಲ್ಲೇ ನಿಷೇಧಿಸಿದೆ. ಡಾಕ್ಟರ್ ಹೇಳಿದರೆ ಪುಡಿ ಕೊಡಿ, ಅದಕ್ಕಾಗಿ ತಾಯಿಯನ್ನು ದೂರಬೇಡಿ. ಆದರೆ ಪಕ್ಕದ ಮನೆಯವರು ಹೇಳಿದರೆಂದು ಕೊಡಬೇಡಿ.

ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ಜೋರಾದರೆ, ಅಂಗೈ-ಅಂಗಾಲು ಹಳದಿಯಾದರೆ ತಡ ಮಾಡಬಾರದು. ತಾಯಿಗೆ ರಕ್ತಸ್ರಾವ ಹೆಚ್ಚಾದರೆ, ಜ್ವರ ಬಂದರೆ, ಕಣ್ಣು ಮಂಜಾಗಿ ತಲೆ ಸಿಡಿಯುತ್ತಿದ್ದರೆ ಕೂಡ ಹಾಗೆಯೇ. 108ಕ್ಕೆ ಫೋನ್ ಮಾಡಿ, ಕಿಮ್ಸಿಗೋ ಹತ್ತಿರದ ಆಸ್ಪತ್ರೆಗೋ ಹೋಗಿ. ಸುಮ್ಮನೆ ಅಳುತ್ತಾ ಕೂರುವ, ಮಗುವನ್ನು ಮುಟ್ಟಲೂ ಮನಸ್ಸಾಗದ ತಾಯಿಗೆ ಜಿನ್ ಹಿಡಿದಿಲ್ಲ. ಅದು ಬಾಣಂತಿಯರಿಗೆ ಬರುವ ಕಾಯಿಲೆ, ಅದಕ್ಕೆ ಮದ್ದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುವ ಸರ್ಕಾರಿ ಯೋಜನೆ ಇದೆ. ಬಾಡಿಗೆ ಮನೆಯಲ್ಲಿರುವ ನಾವು ಅವರಿಗೆ ಹೆಸರು ಬರೆಸುವುದನ್ನೇ ಮರೆಯುತ್ತೇವೆ.

ಕೆಲಸಕ್ಕೆ ಬರುವವಳ ಕಡೆಗೂ ನೋಡೋಣ. ಹೆಚ್ಚಾಗಿ ಆಕೆಯೂ ಮಕ್ಕಳಿರುವ ಬಡ ತಾಯಿ, ಕೆಲವೊಮ್ಮೆ ವಿಧವೆ. ಬಾಣಂತನಕ್ಕೆಂದು ಕರೆಸಿ ಇಡೀ ಮನೆಯ ಪಾತ್ರೆ ತೊಳೆಸುವುದು, ಕೊನೆಗೆ ಒಂದು ಸೀರೆ ಕೊಟ್ಟು ಸಂಬಳ ಚೌಕಾಸಿ ಮಾಡುವುದು ನಮ್ಮ ಮನೆತನಕ್ಕೆ ಶೋಭೆಯಲ್ಲ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿವಚನ ಮಿಂಬರಿನ ಕೆಳಗೆ ಕೇಳಿ ಮರೆಯುವುದಕ್ಕಲ್ಲ.

ಸಂಬಳ ಕೊಟ್ಟ ಮಾತ್ರಕ್ಕೆ ಮನೆಯ ಗಂಡಸರ ಕೆಲಸ ಮುಗಿಯುವುದಿಲ್ಲ. ರಾತ್ರಿ ಒಂದು ಸಲ ಮಗುವಿನ ಬಟ್ಟೆ ಬದಲಿಸಿದರೆ, ಹೆಂಡತಿಗೆ ಒಂದು ಲೋಟ ನೀರು ಕೊಟ್ಟರೆ ಯಾರ ಗಂಡಸುತನವೂ ಕಡಿಮೆಯಾಗದು.

ನಮ್ಮ ಜಮಾಅತ್‌ಗಳಿಗೆ ಒಂದು ಮನವಿ. ಅವಳಿ ನಗರದಲ್ಲಿ ಬಾಣಂತನ ಬಲ್ಲ, ನಂಬಿಕೆಯ ಹೆಂಗಸರ ಹೆಸರುಗಳನ್ನು ನಮ್ಮ ಮಹಿಳೆಯರೇ ಸೇರಿ ಪಟ್ಟಿ ಮಾಡಲಿ. ಅವರಿಗೆ ಒಬ್ಬ ಮಕ್ಕಳ ಡಾಕ್ಟರಿಂದ ಒಂದು ದಿನದ ತರಬೇತಿ ಕೊಡಿಸಲಿ. ಸಂಬಳ ಕೊಡಲಾಗದ ಮನೆಗೆ ಜಮಾಅತ್ ನೆರವಾಗಲಿ. ಊರಿನಿಂದ ದೂರ ಬಂದಿದ್ದೇವೆ, ಆ ದೂರದ ಬೆಲೆಯನ್ನು ಹೆತ್ತ ಹುಡುಗಿಯೊಬ್ಬಳೇ ಕಟ್ಟಬಾರದು.