ಸಹಿ ಹಾಕುವ ಮುನ್ನ ಹುಡುಕೋಣ

ಸಾಲದ ವ್ಯವಹಾರವನ್ನು ಬರೆದಿಡಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು, ಸಾಕ್ಷಿಗಳಿರಬೇಕು ಎಂದು ಆದೇಶಿಸುವ ಅಲ್‌ಬಕರಃ ಅಧ್ಯಾಯದ 282ನೇ ವಚನವು ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನವಾಗಿದೆ. ಆರಾಧನೆಯ ಸಣ್ಣಪುಟ್ಟ ಭಿನ್ನತೆಗಳ ಕುರಿತು ಗಂಟೆಗಟ್ಟಲೆ ಚರ್ಚಿಸುವ ನಾವು ಈ ವಚನವನ್ನು ಮಾತ್ರ ಪಠಿಸಿ ಮುಂದೆ ಸಾಗುತ್ತೇವೆ. ‘ನಮ್ಮವರೇ ತಾನೇ, ಬರಹವೇಕೆ?’ ಎಂಬ ಮಾತು ನಮ್ಮಲ್ಲಿ ಸಜ್ಜನಿಕೆಯ ಲಕ್ಷಣವೆನಿಸಿದೆ. ಎಷ್ಟೋ ಕುಟುಂಬಗಳ ಒಡಕು ಆರಂಭವಾಗುವುದು ಅಲ್ಲಿಂದಲೇ.

ಗಂಗೊಳ್ಳಿ, ಶಿರೂರು, ಕಂಡ್ಲೂರುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹೊರಡುವ ಯುವಕರನ್ನೇ ನೋಡೋಣ. ತಾಯಿಯ ಒಡವೆ ಅಡವಿಟ್ಟು ಏಜೆಂಟನಿಗೆ ಹಣ ಕೊಡುವ ಮಗ, ಕೈಯಲ್ಲೇ ಇರುವ ಮೊಬೈಲಿನಲ್ಲಿ ಅವನ ಅರ್ಹತೆಯನ್ನು ಪರಿಶೀಲಿಸುವುದಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ವಿದೇಶಿ ಉದ್ಯೋಗಕ್ಕೆ ನೇಮಕಾತಿ ನಡೆಸುವಂತಿಲ್ಲ. ನೋಂದಾಯಿತ ಏಜೆಂಟರ ಪಟ್ಟಿಯು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಅವರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯುಎಇಯ ಕಾರ್ಮಿಕ ಕಾನೂನಂತೂ ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡುವುದನ್ನೇ ನಿಷೇಧಿಸಿದೆ. ಇಷ್ಟನ್ನು ತಿಳಿಯಲು ಹತ್ತು ನಿಮಿಷ ಸಾಕು.

ಆದರೆ ಹುಡುಕಾಟಕ್ಕೂ ಒಂದು ಕ್ರಮವಿದೆ. ಮೊದಲು ಕಾಣುವ ಉತ್ತರವೇ ಸರಿಯುತ್ತರವಲ್ಲ. ಕಾಯ್ದೆಯ ಹೆಸರು, ವರ್ಷ ಮತ್ತು ವಿಷಯವನ್ನು ಒಟ್ಟಿಗೆ ಬರೆದು ಹುಡುಕಬೇಕು. ಕೇಂದ್ರ ಸರಕಾರದ ಇಂಡಿಯಾ ಕೋಡ್ ತಾಣದಲ್ಲಿ ಮೂಲಪಾಠವನ್ನು ಓದಬೇಕು. ಬರಹದ ದಿನಾಂಕವನ್ನು ಗಮನಿಸಬೇಕು. 2024ರ ಜುಲೈ 1ರಂದು ಭಾರತೀಯ ದಂಡಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಹಳೆಯ ಕಲಮುಗಳ ವಿವರಣೆಗಳು ಅಂತರ್ಜಾಲದಲ್ಲಿ ಹಾಗೆಯೇ ಉಳಿದಿವೆ. ಜಮೀನಿನ ವಿಷಯದಲ್ಲೂ ಅಷ್ಟೇ. ಹಳೆಯ ದಸ್ತಾವೇಜಿನಲ್ಲಿ ಕುಂದಾಪುರ ತಾಲೂಕು ಎಂದಿರುವ ಶಿರೂರು ಈಗ ಬೈಂದೂರು ತಾಲೂಕಿನಲ್ಲಿದೆ. ಬ್ರಹ್ಮಾವರವು ಉಡುಪಿಯಿಂದ ಬೇರ್ಪಟ್ಟ ತಾಲೂಕು. ಇದನ್ನರಿಯದೆ ಪಹಣಿ ಹುಡುಕಿದವರು ದಾಖಲೆಯೇ ಇಲ್ಲವೆಂದು ಗಾಬರಿಗೊಳ್ಳುತ್ತಾರೆ.

ಯಂತ್ರ ಹೇಳಿದ್ದನ್ನೆಲ್ಲ ನಂಬುವುದು ಇನ್ನೊಂದು ಅಪಾಯ. ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಬೆಂಗಳೂರಿನ ಕೆಳ ನ್ಯಾಯಾಲಯವೊಂದು ಉಲ್ಲೇಖಿಸಿದ್ದನ್ನು 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ನ್ಯಾಯಪೀಠವೇ ಎಡವಿದಲ್ಲಿ ಜನಸಾಮಾನ್ಯರ ಪಾಡೇನು? ಸುದ್ದಿ ತಂದವನನ್ನು ಪರಿಶೀಲಿಸಬೇಕೆಂಬ ಅಲ್‌ಹುಜುರಾತ್ ಅಧ್ಯಾಯದ ಬೋಧನೆ ಮೊಬೈಲಿಗೂ ಅನ್ವಯಿಸುತ್ತದೆ.

ಹುಡುಕಾಟವು ವಕೀಲರ ಸ್ಥಾನವನ್ನು ತುಂಬದು. ವಕೀಲರೆದುರು ಏನು ಕೇಳಬೇಕೆಂಬುದನ್ನು ಕಲಿಸುತ್ತದೆ. 1987ರ ಕಾಯ್ದೆಯನ್ವಯ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇದನ್ನು ನಮ್ಮ ಎಷ್ಟು ವಿಚ್ಛೇದಿತೆಯರು, ವಿಧವೆಯರು ಬಲ್ಲರು? ಕಾಯ್ದೆ, ತೀರ್ಪುಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುವಾಗ ಅವರು ಅರಿಯುವುದಾದರೂ ಹೇಗೆ? ಜನರ ಭಾಷೆಯಲ್ಲಿ ಕಾನೂನನ್ನು ತಲುಪಿಸುವುದು ಸರಕಾರದ ಹೊಣೆ. ಆದರೆ ಸರಕಾರ ಎಚ್ಚೆತ್ತುಕೊಳ್ಳುವವರೆಗೆ ನಾವು ಕಾಯಬೇಕಾಗಿಲ್ಲ.

ಪ್ರತಿ ಜಮಾಅತ್ ವಾರಕ್ಕೊಂದು ಸಂಜೆ ಕಚೇರಿಯನ್ನು ತೆರೆದಿಡಲಿ. ಅಲ್ಲಿ ಓದಿದ ಇಬ್ಬರು ಯುವಕರು, ಇಬ್ಬರು ಯುವತಿಯರು ಮತ್ತು ಒಂದು ಕಂಪ್ಯೂಟರ್ ಇರಲಿ. ಸಹಿ ಹಾಕಲಿರುವ ಕಾಗದವನ್ನು ಯಾರು ತಂದರೂ ಓದಿ ಹೇಳಲಿ. ಮಸೀದಿಯ ಗೋಪುರಕ್ಕೆ ಲಕ್ಷಗಳನ್ನು ವ್ಯಯಿಸಬಲ್ಲ ಸಮುದಾಯಕ್ಕೆ ಇದು ಭಾರವಾಗಲಾರದು.