ಶುಕ್ಲ ಸಂವತ್ಸರದ ಸಿಪಾಯಿ

ತರ್ಪಣಕಾಲದಲ್ಲಿ ಮೂರು ತಲೆಯ ಹಿರಿಯರ ಹೆಸರನ್ನು ನಾವು ಹೇಳುತ್ತೇವೆ. ಅದರಾಚೆಗಿನವರು ಬಹುಮಟ್ಟಿಗೆ ಕಥೆಯಾಗಿಯೇ ಉಳಿದಿರುತ್ತಾರೆ. ಆ ಕಥೆಯಲ್ಲಿ ನಿಜವೆಷ್ಟೆಂದು ಅರಿಯಬಯಸಿದ ಒಂದು ಮನೆಯವರಿಗೆ ಈಚೆಗೆ ನಾವು ಕೈಲಾದ ಸಹಾಯ ಮಾಡಿದೆವು. ಅದರ ವೃತ್ತಾಂತವು ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ದೇವನಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ತುಕ್ಕು ಹಿಡಿದ ಕತ್ತಿಯೊಂದುಂಟು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು, ಅವರ ತಾಯಿಯವರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳುವರು: "ಇದನ್ನು ಹಿಡಿದವರು ಹೈದರನ ಜೊತೆಯಲ್ಲಿ ದೇವನಹಳ್ಳಿ ಕೋಟೆ ಹತ್ತಿದವರು."

ಕೋಟೆಯ ಸಂಗತಿ ಚರಿತ್ರೆಯಲ್ಲಿ ಪ್ರಸಿದ್ಧವಾಗಿಯೇ ಇದೆ. ೧೭೪೯ರಲ್ಲಿ ಕರಾಚೂರಿ ನಂಜರಾಜಯ್ಯನವರ ಮೈಸೂರು ಸೈನ್ಯವು ಪಾಳೆಯಗಾರರಿಂದ ದೇವನಹಳ್ಳಿಯನ್ನು ಗೆದ್ದುಕೊಂಡಿತು. ಅಣ್ಣನ ಪಡೆಯಲ್ಲಿದ್ದ ಹೈದರನ ಶೌರ್ಯವು ಮೊದಲು ಕಣ್ಣಿಗೆ ಬಿದ್ದುದು ಅಲ್ಲಿಯೇ. ಅದಕ್ಕೆ ಮೆಚ್ಚಿ ೫೦ ಕುದುರೆಗಳ ಮತ್ತು ೨೦೦ ಕಾಲಾಳುಗಳ ಅಧಿಕಾರವನ್ನು ಅವನಿಗೆ ಕೊಟ್ಟರೆಂದು ವಿಲ್ಕ್ಸ್ ಎಂಬ ಆಂಗ್ಲ ಚರಿತ್ರಕಾರನು ಬರೆದಿರುವನು. ಸಂಖ್ಯೆಯನ್ನು ಬರೆದನೇ ಹೊರತು ಆ ಇನ್ನೂರು ಮಂದಿಯ ಹೆಸರನ್ನು ಬರೆಯಲಿಲ್ಲ. ದೊಡ್ಡವರ ಚರಿತ್ರೆಯಲ್ಲಿ ಸಾಮಾನ್ಯ ಸಿಪಾಯಿಯನ್ನು ಹುಡುಕುವುದು ವ್ಯರ್ಥ. ಅವನನ್ನು ಅವನ ಊರಿನಲ್ಲಿಯೇ ಹುಡುಕಬೇಕು.

ಮೊದಲು ಕಲ್ಲುಗಳನ್ನು ನೋಡಿದೆವು. ಯುದ್ಧದಲ್ಲಿ ಮಡಿದವನ ಮಕ್ಕಳಿಗೆ ಭೂಮಿ ಬಿಡುವ ಪದ್ಧತಿ ನಮ್ಮ ನಾಡಿನಲ್ಲಿ ಪೂರ್ವದಿಂದಲೂ ಇದ್ದಿತು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಸೀಮೆಗಳ ಶಾಸನಗಳನ್ನು ರೈಸ್ ಸಾಹೇಬರು ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಮ್ಮ ಶಿಷ್ಯರ ಹಿರಿಯನು ಅಲ್ಲಿ ಸಿಕ್ಕಲಿಲ್ಲ. ಸಿಕ್ಕದಿದ್ದುದಕ್ಕೆ ಕಾರಣವು ಆಮೇಲೆ ತಿಳಿಯಿತು.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದವೊಂದು ದೊರೆಯಿತು. ಶ್ರೀ ಕೃಷ್ಣರಾಜ ಒಡೆಯರ ಕಾಲದಲ್ಲಿ, ಶುಕ್ಲ ಸಂವತ್ಸರದಲ್ಲಿ, ಕಾಲು ಊನವಾದ ಕಂದಾಚಾರದವನೊಬ್ಬನಿಗೆ ಜೀವನಕ್ಕಾಗಿ ಸ್ವಲ್ಪ ಹೊಲವನ್ನು ಬಿಟ್ಟ ಪತ್ರವದು. ಶಕವರ್ಷವಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ೧೭೪೯ನೆಯ ವರ್ಷವು ಶುಕ್ಲವೇ. ಆಗಿನ ಅರಸರೂ ಕೃಷ್ಣರಾಜ ಒಡೆಯರೇ. ಮನೆಯವರೆಲ್ಲರೂ ಹಿಗ್ಗಿದರು.

ಆದರೆ ಸಂವತ್ಸರವು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದಷ್ಟೆ. ಶಕ ೧೬೭೧, ಅಂದರೆ ೧೭೪೯, ಶುಕ್ಲ. ಶಕ ೧೭೩೧, ಅಂದರೆ ೧೮೦೯, ಅದೂ ಶುಕ್ಲ. ಮೊದಲನೆಯದರಲ್ಲಿ ಅರಸರು ಇಮ್ಮಡಿ ಕೃಷ್ಣರಾಜ ಒಡೆಯರು, ಎರಡನೆಯದರಲ್ಲಿ ಮುಮ್ಮಡಿಯವರು. ಇಂತಹ ಇಕ್ಕಟ್ಟಿನಲ್ಲಿ ತಿಥಿವಾರಗಳೇ ಸಾಕ್ಷಿ. ಒಂದೇ ತಿಥಿಯು ಎರಡು ವರ್ಷಗಳಲ್ಲಿಯೂ ಒಂದೇ ವಾರ ಬೀಳುವುದು ಅಪರೂಪ. ಸ್ವಾಮಿಕಣ್ಣು ಪಿಳ್ಳೆಯವರ ಕಾಲಗಣನೆಯ ಕೋಷ್ಟಕಗಳನ್ನಿಟ್ಟುಕೊಂಡು ಎರಡು ಸಲ ಲೆಕ್ಕ ಹಾಕಿದೆವು. ಪತ್ರದ ತಿಥಿಯೂ ವಾರವೂ ಕೂಡಿದ್ದು ೧೮೦೯ರಲ್ಲಿ ಮಾತ್ರ.

ಈ ಮಾತನ್ನು ಹೇಳಲು ನಮಗೆ ನಾಲಗೆ ಏಳಲಿಲ್ಲ. ಆ ತಾಯಿಯವರೇ ಕೇಳಿದರು: "ಹಾಗಾದರೆ ಮೇಷ್ಟ್ರೇ, ಇಷ್ಟು ವರ್ಷವೂ ನಾನು ಮಕ್ಕಳಿಗೆ ಸುಳ್ಳು ಹೇಳಿದೆನೇ?"

"ಸುಳ್ಳಲ್ಲ ತಾಯೀ, ಎಣಿಕೆಯಲ್ಲಿ ಒಂದು ಸುತ್ತು ಹೆಚ್ಚಾಗಿದೆ" ಎಂದು ಹೇಳಿ, ನಾವು ಕಂಡುಕೊಂಡುದನ್ನು ವಿವರಿಸಿದೆವು. ೧೮೦೯ರಲ್ಲಿ ಹೊಲ ಪಡೆದ ಈತನು ಯಾವ ಕಾಲವನ್ನು ದಾಟಿ ಬಂದವನು! ೧೭೯೧ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನಿಗೆ ದೇವನಹಳ್ಳಿಯೂ ವಶವಾಯಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಅನ್ನ ಕೊಡುತ್ತಿದ್ದ ಸೈನ್ಯವು ಚದರಿಹೋಯಿತು. ದಿವಾನ್ ಪೂರ್ಣಯ್ಯನವರು ಹಳೆಯ ಸಿಪಾಯಿಗಳಲ್ಲಿ ಅನೇಕರನ್ನು ಹೊಸ ಸರ್ಕಾರದ ಕೆಲಸಕ್ಕೆ ತೆಗೆದುಕೊಂಡರು. ಕಂದಾಚಾರದವರೆಂದರೆ ಊರಿನಲ್ಲಿದ್ದು ಬೇಸಾಯ ಮಾಡಿಕೊಂಡು, ಕರೆ ಬಂದಾಗ ಆಯುಧ ಹಿಡಿದು ಕಾವಲಿಗೆ ನಿಲ್ಲುವವರು. ಮಡಿದವನಿಗೆ ಕಲ್ಲು ನೆಡುವರು. ಬದುಕಿ ಬಂದವನಿಗೆ ಕಲ್ಲಿಲ್ಲ. ಆದಕಾರಣವೇ ಈತನು ರೈಸ್ ಸಾಹೇಬರ ಸಂಪುಟದಲ್ಲಿ ಸಿಕ್ಕಲಿಲ್ಲ. ಆದರೆ ಬದುಕಿ ಬಂದುದರಿಂದಲೇ ಈ ಮನೆಯಲ್ಲಿ ಇಂದು ದೀಪವುಂಟು.

ಆಕೆಯು ಬಹಳ ಹೊತ್ತು ಸುಮ್ಮನಿದ್ದು, "ಕುಂಟುಗಾಲಿನಲ್ಲಿ ನೇಗಿಲು ಹಿಡಿದರಲ್ಲ ಪುಣ್ಯಾತ್ಮರು!" ಎಂದರು. ಈ ಸಲದ ಆಯುಧಪೂಜೆಯಲ್ಲಿ ಮೊಮ್ಮಕ್ಕಳು ಕೇಳಿದ್ದು ಈ ಕಥೆಯನ್ನೇ. ಕತ್ತಿಯ ಪಕ್ಕದಲ್ಲಿ ನೇಗಿಲಿನ ಗುಳವೊಂದಕ್ಕೂ ಕುಂಕುಮವಿಟ್ಟಿದ್ದರಂತೆ.

ಇಂತಹ ಶೋಧಕ್ಕೆ ಹೊರಡುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ. ಮನೆಯ ವೃದ್ಧರ ಮಾತನ್ನು ಅವರು ಹೇಳಿದಂತೆಯೇ ಮೊದಲು ಬರೆದುಕೊಳ್ಳಿರಿ; ತಿದ್ದುವುದು ಆಮೇಲೆ. ಹಳೆಯ ಕಾಗದಗಳನ್ನೂ ಶ್ಯಾನುಭೋಗರ ಕಾಲದ ಕಡತಗಳನ್ನೂ ರದ್ದಿಯವರಿಗೆ ಹಾಕಬೇಡಿರಿ. ಕಡತವು ಬಳಪದಿಂದ ಬರೆದ ಕರಿಯ ಬಟ್ಟೆಯ ಪುಸ್ತಕ. ಒದ್ದೆಯ ಕೈ ತಗುಲಿದರೆ ಅಕ್ಷರ ಅಳಿಯುವುದು. ಮನೆಯ ಜಮೀನು ಹಿಂದೆ ಇನಾಮಾಗಿದ್ದರೆ, ೧೯೫೪ರ ಇನಾಮು ರದ್ದಿಯಾತಿ ಶಾಸನದ ಕಾಲದಲ್ಲಿ ಹಿರಿಯರು ಹಕ್ಕಿಗಾಗಿ ಕೊಟ್ಟ ಅರ್ಜಿಯನ್ನು ವಿಚಾರಿಸಿರಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿಯೂ ಹಳೆಯ ಮೈಸೂರಿನ ದಾಖಲೆಗಳುಂಟು. ಸಂವತ್ಸರದ ಹೆಸರೊಂದನ್ನೇ ನಂಬದೆ ತಿಥಿವಾರಗಳನ್ನು ಹೊಂದಿಸಿ ನೋಡಿರಿ. ಬಂದ ಉತ್ತರವು ಕಥೆಗಿಂತ ಚಿಕ್ಕದಾಗಿ ಕಂಡರೂ ಅದನ್ನು ಮಕ್ಕಳಿಗೆ ಹೇಳಲು ಸಂಕೋಚಪಡಬೇಡಿರಿ.