ಸೂಜಿಗೆ ಮೊದಲು ಗೋಡೆ ನೋಡಿ

ನಾಟಿ ಕಾಲ ಬಂತೆಂದರೆ ದೇಶನೂರಿನ ಕೂಲಿಯವರಿಗೆ ಜ್ವರ ಬಂದರೂ ಮಲಗಲು ಪುರುಸೊತ್ತಿಲ್ಲ. ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು ನಿಂತರೆ ಒಂದು ದಿನದ ಕೂಲಿ ಖೋತಾ. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಒಂದು ಸೂಜಿ ಮಾಡ್ರಿ, ಇಲ್ಲಾಂದ್ರ ಬಾಟ್ಲಿ ಏರಿಸ್ರಿ’ ಅನ್ನುತ್ತಾರೆ. ಬರೀ ಗುಳಿಗೆ ಕೊಟ್ಟವನು ಜನರ ಕಣ್ಣಿಗೆ ಡಾಕ್ಟರೇ ಅಲ್ಲ!

ಬಾಟ್ಲಿ ಅಂದರೆ ಬರೀ ನೀರಲ್ಲ ಸ್ವಾಮಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಬಿದ್ದದ್ದು ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟ್ಲಿಯ ಮೇಲೆ. ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ತಜ್ಞರಿರುವ ದೊಡ್ಡಾಸ್ಪತ್ರೆಯಲ್ಲೇ ಹೀಗಾದರೆ, ಹಳ್ಳಿಯ ಒಂಟಿ ಕೋಣೆಯಲ್ಲಿ ಏರಿಸುವ ಬಾಟ್ಲಿಯನ್ನು ಕೇಳುವವರು ಯಾರು?

ಕಾನೂನೇನೋ ಇದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಸಣ್ಣ ಕ್ಲಿನಿಕ್ಕಿಗೂ ನೋಂದಣಿ ಬೇಕು. ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಯಾರೋ ಸತ್ತ ಮೇಲೆ ಜೀಪಿನಲ್ಲಿ ಬಂದು ಬಾಗಿಲಿಗೆ ಸೀಲು ಹಾಕುವುದು ತಪಾಸಣೆಯಲ್ಲ. ನಾಟಿಗೆ ಮುಂಚೆ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ಅಧಿಕಾರಿಗಳು ಬಂದು ನೋಡಲಿ.

ಎಲ್ಲ ಕ್ಲಿನಿಕ್ಕುಗಳೂ ಕೆಟ್ಟವಲ್ಲ. ನಡುರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುವ ಡಾಕ್ಟರೂ ಇದ್ದಾರೆ. ಅಂಥವರಿಗೆ ಪ್ರಶ್ನೆ ಕೇಳಿದರೆ ಸಿಟ್ಟು ಬರುವುದಿಲ್ಲ.

ಹಾಗಾಗಿ ಜನರೂ ಬಾಯಿ ಬಿಡಬೇಕು. ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ? ಸೂಜಿ ನಿಜಕ್ಕೂ ಬೇಕೇ, ಗುಳಿಗೆ ಸಾಲದೇ? ಹೊಸ ಸಿರಿಂಜಿನ ಪಾಕೀಟು ಕಣ್ಣೆದುರೇ ಹರಿದರೇ? ಬಾಟ್ಲಿಯ ಹೆಸರು, ಬ್ಯಾಚ್ ನಂಬರು ಚೀಟಿಯಲ್ಲಿ ಬರೆದು ಕೊಡುತ್ತಾರೆಯೇ? ನಾಳೆ ಹೆಚ್ಚುಕಮ್ಮಿಯಾದರೆ ಆ ಚೀಟಿಯೇ ಸಾಕ್ಷಿ.

ಸಂತೆಯಲ್ಲಿ ಬದನೆಕಾಯಿಯನ್ನು ತಿರುತಿರುವಿ ನೋಡಿ ಕೊಳ್ಳುವ ಜನ, ಮೈಯೊಳಗೆ ಹೋಗುವುದನ್ನು ನೋಡಬಾರದೇ?